ಚೀನ-ಜಪಾನುಗಳ ಚಲಚ್ಚಿತ್ರಗಳೂ ನಮ್ಮ ಹೋಟೆಲಿನ ಹುಡುಗರೂ

ಕೊಂಢವಾದ ಬೀದಿಗಳಲ್ಲಿ ಸಂಜೆ ದೀಪ ಹೊತ್ತಿದ ಮೇಲೆ ಒಂದು ಸುತ್ತು ಬಂದರೆ ‘ಚೈನೀಸ್’ ಎಂಬ ಫಲಕವಿಲ್ಲದ ತಿಂಡಿಯಂಗಡಿಗಳ ಸಾಲನ್ನು ಕಾಣುವುದು ಕಷ್ಟ. ಇಡ್ಲಿ-ದೋಸೆಗಳಿಂದ ಹೆಸರು ಪಡೆದ ನಮ್ಮವರ ಹೋಟೆಲುಗಳ ಪಟ್ಟಿಯಲ್ಲಿಯೂ ಗೋಬಿ ಮಂಚೂರಿ, ನೂಡಲ್ಸುಗಳು ಸೇರಿ ಎಷ್ಟೋ ವರ್ಷಗಳಾದವು. ಗಿರಾಕಿ ಕೇಳಿದುದನ್ನು ಕೊಡುವುದು ವ್ಯಾಪಾರದ ಧರ್ಮ. ಅದರಲ್ಲಿ ಆಕ್ಷೇಪಿಸತಕ್ಕುದೇನೂ ಇಲ್ಲ. ಆದರೆ ಮಂಚೂರಿ ಎಂಬ ಆ ತಿನಿಸು ಚೀನದಿಂದ ಬಂದುದಲ್ಲ, ಮುಂಬಯಿಯ ಅಡಿಗೆಮನೆಯಲ್ಲಿ ಹುಟ್ಟಿದುದೆಂದು ಬಲ್ಲವರು ಹೇಳುತ್ತಾರೆ. ಅದನ್ನು ನೆನೆದಾಗ, ನಾವು ದಿನವೂ ಆಡುವ ‘ಚೀನೀ’ ಎಂಬ ಮಾತಿನೊಳಗೆ ಚೀನ ಎಷ್ಟು ಕಡಿಮೆ ಇದೆಯೆಂಬುದು ಹೊಳೆಯದಿರದು.

ಚಲಚ್ಚಿತ್ರದ ವಿಷಯದಲ್ಲಿಯೂ ನಮ್ಮ ಸ್ಥಿತಿ ಇದಕ್ಕಿಂತ ಭಿನ್ನವಾಗಿಲ್ಲ. ಚೀನೀಯರ ಸಿನೆಮಾ ಎಂದೊಡನೆ ನಮ್ಮ ಹುಡುಗರ ಕಣ್ಣಿಗೆ ಕಟ್ಟುವುದು ಬ್ರೂಸ್ ಲೀಯ ಒದೆತ ಮತ್ತು ಜಾಕಿ ಚಾನನ ಹಾರಾಟ. ೨೦೦೫ರಲ್ಲಿ ತೆರೆಕಂಡ ‘ದಿ ಮಿಥ್’ ಚಿತ್ರಕ್ಕಾಗಿ ಜಾಕಿ ಚಾನ್ ನಮ್ಮ ಹಂಪಿಯವರೆಗೂ ಬಂದು ಹೋದುದನ್ನು ಕೆಲವರು ಬಲ್ಲರು. ಈಚೆಗೆ ಕೊರಿಯದ ಧಾರಾವಾಹಿಗಳು ಹಿಂದಿಯ ಮಾತು ತೊಟ್ಟು ಪ್ರತಿಯೊಬ್ಬರ ಕೈಯ ಫೋನಿನಲ್ಲಿಯೂ ಓಡಾಡುತ್ತಿವೆ. ಅದರಾಚೆಗೆ, ಜಪಾನು, ಚೀನ, ಹಾಂಗ್‌ಕಾಂಗ್, ತೈವಾನ್, ಕೊರಿಯ ಎಂಬ ಐದು ನಾಡುಗಳಲ್ಲಿ ಸುಮಾರು ನೂರು ವರ್ಷಗಳಿಂದ ಬೆಳೆದುಬಂದಿರುವ ಒಂದು ದೊಡ್ಡ ಕಲೆಯ ಪರಿಚಯ ನಮಗಿಲ್ಲ. ಅದು ಓದಿದವರ, ಬಿಡುವುಳ್ಳವರ ಸ್ವತ್ತೆಂದು ನಾವೇ ತೀರ್ಮಾನಿಸಿಕೊಂಡು ದೂರ ನಿಂತಿದ್ದೇವೆ.

ಈ ತೀರ್ಮಾನ ಸರಿಯಲ್ಲವೆಂದು ಹೇಳುವುದೇ ಈ ಲೇಖನದ ಉದ್ದೇಶ. ಊರು ಬಿಟ್ಟು ಬಂದು, ಪರರ ಭಾಷೆಯ ನಡುವೆ ದುಡಿದು, ತಿಂಗಳಿಗೊಮ್ಮೆ ತಂದೆತಾಯಿಗಳಿಗೆ ಹಣ ಕಳುಹಿಸುವವರ ಬಾಳನ್ನು ಪೂರ್ವ ಏಷ್ಯದ ನಿರ್ದೇಶಕರು ಚಿತ್ರಿಸಿದಷ್ಟು ನಿಷ್ಠೆಯಿಂದ ಚಿತ್ರಿಸಿದವರು ವಿರಳ. ಅಂದರೆ ಅದು ನಮ್ಮ ಕಥೆ. ಅದನ್ನು ನಮ್ಮ ಹೋಟೆಲಿನ ಹುಡುಗರೂ ಕಚೇರಿಗಳ ಗುಮಾಸ್ತರೂ ನೋಡಬೇಕು; ನೋಡುವ ಅನುಕೂಲ ಕಲ್ಪಿಸಿಕೊಡುವುದು ಮಾಲಕರ ಮತ್ತು ಸಂಘಗಳ ಕರ್ತವ್ಯ.

‘ಕೂಲಿಕಾರರಿಗೆ ಇಂಥ ಚಿತ್ರಗಳು ಹೇಗೆ ಅರ್ಥವಾದಾವು?’ ಎಂದು ಕೇಳುವವರಿಗೆ ಹೆಗ್ಗೋಡು ಉತ್ತರ ಕೊಟ್ಟು ಅರ್ಧ ಶತಮಾನವಾಗುತ್ತ ಬಂತು. ಸಾಗರ ತಾಲ್ಲೂಕಿನ ಆ ಹಳ್ಳಿಯಲ್ಲಿ ಕೆ. ವಿ. ಸುಬ್ಬಣ್ಣನವರ ನೀನಾಸಂ ಸಂಸ್ಥೆ ೧೯೭೩ರಲ್ಲಿ ಚಿತ್ರಸಮಾಜವನ್ನು ಆರಂಭಿಸಿತು. ಅಡಿಕೆ ತೋಟದ ರೈತರು ಸತ್ಯಜಿತ್ ರಾಯರ ‘ಪಥೇರ್ ಪಾಂಚಾಲಿ’ಯನ್ನೂ ಇಟಲಿಯ ‘ಬೈಸಿಕಲ್ ಥೀವ್ಸ್’ ಚಿತ್ರವನ್ನೂ ಜಪಾನಿನ ಅಕಿರ ಕುರೊಸಾವನ ‘ರಾಶೋಮಾನ್’ ಚಿತ್ರವನ್ನೂ ನೋಡಿದರು. ನೋಡಿ ಸುಮ್ಮನಾಗದೆ ಚರ್ಚಿಸಿದರು. ೧೯೫೧ರಲ್ಲಿ ವೆನಿಸ್ ಉತ್ಸವದ ಸ್ವರ್ಣಸಿಂಹ ಪ್ರಶಸ್ತಿಯನ್ನು ಗೆದ್ದು ಜಪಾನಿನ ಚಲಚ್ಚಿತ್ರಕ್ಕೆ ಜಗತ್ತಿನ ಬಾಗಿಲನ್ನು ತೆರೆದ ಚಿತ್ರ ‘ರಾಶೋಮಾನ್’. ಒಂದೇ ಕೊಲೆಯನ್ನು ನಾಲ್ವರು ನಾಲ್ಕು ಬಗೆಯಾಗಿ ಹೇಳುವ ಕಥೆ ಅದು. ಪಂಚಾಯತಿಯ ಕಟ್ಟೆಯಲ್ಲಿ ಕುಳಿತು ಜಗಳ ತೀರಿಸಿದ ಅನುಭವವುಳ್ಳ ಹಳ್ಳಿಗನಿಗೆ ಅದು ಅರ್ಥವಾಗದೆ ಇನ್ನಾರಿಗೆ ಅರ್ಥವಾಗಬೇಕು?

ಪುಣೆಯವರಾದ ನಾವು ಇಲ್ಲಿ ವಿಶೇಷವಾಗಿ ಗಮನಿಸತಕ್ಕ ಸಂಗತಿಯೊಂದುಂಟು. ಹೆಗ್ಗೋಡಿಗೆ ಚಿತ್ರಗಳು ಹೋದುದು ಈ ನಮ್ಮ ಪುಣೆಯಿಂದ. ೧೯೬೪ರಲ್ಲಿ ಇಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಚಲಚ್ಚಿತ್ರ ಭಂಡಾರವನ್ನು ಕಟ್ಟಿ ಬೆಳೆಸಿದ ಪಿ. ಕೆ. ನಾಯರ್ ಅವರು ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಸಂಗ್ರಹಿಸಿ ಬೀಗ ಹಾಕಿ ಕುಳಿತವರಲ್ಲ. ಅವುಗಳ ಪೆಟ್ಟಿಗೆಗಳನ್ನು ಊರೂರಿಗೆ ಕಳುಹಿಸಿದವರು. ಫಿಲ್ಮ್ ಇನ್‌ಸ್ಟಿಟ್ಯೂಟಿನ ಅಧ್ಯಾಪಕರಾದ ಸತೀಶ ಬಹಾದೂರರು ಹೆಗ್ಗೋಡಿಗೆ ಹೋಗಿ ಚಿತ್ರಗಳನ್ನು ನೋಡುವ ಬಗೆಯನ್ನು ಪಾಠ ಹೇಳಿದರು. ಭಂಡಾರವು ೨೦೨೨ರಲ್ಲಿ ರಾಷ್ಟ್ರೀಯ ಚಲಚ್ಚಿತ್ರ ಅಭಿವೃದ್ಧಿ ನಿಗಮದೊಳಗೆ ಸೇರಿತಾದರೂ ಲಾ ಕಾಲೇಜು ರಸ್ತೆಯ ಅದರ ಮನೆ ಅಲ್ಲಿಯೇ ಇದೆ. ಅದೇ ರಸ್ತೆಯಲ್ಲಿ, ಹಿಂದಿನ ಪ್ರಭಾತ್ ಸ್ಟುಡಿಯೋದ ಆವರಣದಲ್ಲಿ, ೧೯೬೦ರಲ್ಲಿ ಆರಂಭವಾದ ಫಿಲ್ಮ್ ಇನ್‌ಸ್ಟಿಟ್ಯೂಟ್ ಇದೆ. ತೀರ್ಥಹಳ್ಳಿಯ ಕಡೆಯ ಹಳ್ಳಿಯಿಂದ ಬಂದ ಗಿರೀಶ ಕಾಸರವಳ್ಳಿಯವರು ೧೯೭೫ರಲ್ಲಿ ಅಲ್ಲಿಯ ಶಿಕ್ಷಣವನ್ನು ಮುಗಿಸಿ ಎರಡೇ ವರ್ಷಗಳಲ್ಲಿ ‘ಘಟಶ್ರಾದ್ಧ’ವನ್ನು ತೆಗೆದರು. ಅವರು ತಮ್ಮ ಮೇಲೆ ಪ್ರಭಾವ ಬೀರಿದವರಲ್ಲಿ ಒಬ್ಬನೆಂದು ಹೆಸರಿಸುವುದು ಜಪಾನಿನ ಯಸುಜಿರೊ ಓಜುವನ್ನು. ನೂರಾರು ಮೈಲಿ ದೂರದ ಅಡಿಕೆ ತೋಟಕ್ಕೆ ತಲಪಿದ ಚಿತ್ರಗಳು, ಬಸ್ಸಿನಲ್ಲಿ ಒಂದು ಗಂಟೆಯ ದಾರಿಯಾದ ಕೊಂಢವಾದ ನಮ್ಮವರಿಗೆ ತಲಪಲಿಲ್ಲವೆಂದರೆ ದೋಷ ಚಿತ್ರದ್ದಲ್ಲ.

ಈ ಓಜುವಿನ ಎರಡು ಚಿತ್ರಗಳನ್ನು ಮೊದಲು ತೆಗೆದುಕೊಳ್ಳೋಣ. ೧೯೩೬ರ ‘ಒಬ್ಬನೇ ಮಗ’ ಎಂಬುದರಲ್ಲಿ ರೇಷ್ಮೆ ಕಾರ್ಖಾನೆಯಲ್ಲಿ ದುಡಿಯುವ ವಿಧವೆಯೊಬ್ಬಳು ಮಗನನ್ನು ಓದಿಸಲು ಪಡಬಾರದ ಪಾಡು ಪಡುತ್ತಾಳೆ. ವರ್ಷಗಳ ಮೇಲೆ ಮಗನನ್ನು ನೋಡಲು ಟೋಕಿಯೋ ನಗರಕ್ಕೆ ಬಂದರೆ, ದೊಡ್ಡ ಮನುಷ್ಯನಾಗಿರಬೇಕಾಗಿದ್ದ ಮಗ ಊರಂಚಿನ ಬಡ ಮನೆಯಲ್ಲಿದ್ದು ರಾತ್ರಿಶಾಲೆಯಲ್ಲಿ ಪಾಠ ಹೇಳುತ್ತಿದ್ದಾನೆ. ತಾಯಿಯನ್ನು ಉಪಚರಿಸಲು ಅವನು ಕೈಸಾಲ ಮಾಡಬೇಕಾಗುತ್ತದೆ. ದೊಡ್ಡ ಕನಸು ಹೊತ್ತು ರಾಜಧಾನಿಗೆ ಹೋಗಿದ್ದ ಅವನ ಹಳ್ಳಿಯ ಮೇಷ್ಟರು ಏನಾಗಿದ್ದಾರೆ? ಒಂದು ಸಣ್ಣ ಹೋಟೆಲನ್ನಿಟ್ಟುಕೊಂಡು ಎಣ್ಣೆಯಲ್ಲಿ ಮಾಂಸದ ತುಂಡುಗಳನ್ನು ಕರಿಯುತ್ತಿದ್ದಾರೆ! ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ತಟ್ಟೆ ತೊಳೆದ ಕೈಯಲ್ಲಿ ಪುಸ್ತಕ ಹಿಡಿದವರ ಮಕ್ಕಳು-ಮೊಮ್ಮಕ್ಕಳು ನಾವು. ‘ಪುಣೆಯಲ್ಲಿ ನನಗೆ ಒಳ್ಳೆಯ ಕೆಲಸ’ ಎಂದು ಊರಿಗೆ ಹೇಳಿಕಳುಹಿಸಿ, ತಾಯಿ ನೋಡಲು ಬರುತ್ತೇನೆಂದಾಗ ಎದೆ ಧಸಕ್ಕೆಂದವರು ನಮ್ಮಲ್ಲಿ ಇಲ್ಲವೆ?

೧೯೫೩ರ ‘ಟೋಕಿಯೋ ಸ್ಟೋರಿ’ ಜಗತ್ತಿನ ಅತ್ಯುತ್ತಮ ಚಿತ್ರಗಳ ಸಾಲಿನಲ್ಲಿ ಎಣಿಸಲ್ಪಡುವುದು. ಅದರ ಕಥೆ ಒಂದು ಪೋಸ್ಟ್ ಕಾರ್ಡಿನಲ್ಲಿ ಹಿಡಿಯುತ್ತದೆ. ಸಮುದ್ರದಂಚಿನ ಸಣ್ಣ ಊರಿನ ವೃದ್ಧ ದಂಪತಿಗಳು ನಗರದಲ್ಲಿರುವ ಮಕ್ಕಳನ್ನು ನೋಡಲು ಬರುತ್ತಾರೆ. ಮಗನು ಡಾಕ್ಟರ್, ಮಗಳದು ಕೇಶಾಲಂಕಾರದ ಅಂಗಡಿ. ಇಬ್ಬರಿಗೂ ಪುರಸೊತ್ತಿಲ್ಲ. ಯುದ್ಧದಲ್ಲಿ ಮಡಿದ ಇನ್ನೊಬ್ಬ ಮಗನ ಹೆಂಡತಿ, ಕಚೇರಿಯಲ್ಲಿ ಗುಮಾಸ್ತೆಯಾದ ಬಡವಿ, ಒಂದು ದಿನದ ರಜೆ ಪಡೆದು ಅವರಿಗೆ ಊರು ತೋರಿಸುತ್ತಾಳೆ. ಹಿಂದಿರುಗುವ ದಾರಿಯಲ್ಲಿ ತಾಯಿಯ ಆರೋಗ್ಯ ಕೆಡುತ್ತದೆ. ಊರು ತಲಪಿದ ಮೇಲೆ ತೀರಿಕೊಳ್ಳುತ್ತಾಳೆ. ಉತ್ತರಕ್ರಿಯೆಯ ಊಟದಲ್ಲಿಯೇ ಮಗಳು ತಾಯಿಯ ಒಳ್ಳೆಯ ಬಟ್ಟೆಗಳನ್ನು ತನಗೆ ಕೊಡೆಂದು ಕೇಳುತ್ತಾಳೆ. ಇದರಲ್ಲಿ ಖಳನಿಲ್ಲ. ಮಕ್ಕಳು ದುಷ್ಟರಲ್ಲ, ನಗರ ಅವರ ಸಮಯವನ್ನು ತಿಂದಿದೆ, ಅಷ್ಟೆ. ನಮ್ಮ ತಂದೆತಾಯಿಗಳು ಉಡುಪಿಯ ಬಸ್ಸಿಳಿದು ಸ್ವಾರಗೇಟಿನಲ್ಲಿ ಗಂಟು ಹಿಡಿದು ನಿಂತಾಗ ‘ಇನ್ನೆಷ್ಟು ದಿನ ಇರುತ್ತಾರೋ’ ಎಂದು ಮನಸ್ಸಿನ ಮೂಲೆಯಲ್ಲಿ ಲೆಕ್ಕ ಹಾಕಿದವರಿಗೆ ಈ ಚಿತ್ರದ ವ್ಯಾಖ್ಯಾನ ಬೇಕಾಗಿಲ್ಲ.

ಗುಮಾಸ್ತ ಮಿತ್ರರು ಅವಶ್ಯ ನೋಡಬೇಕಾದುದು ಕುರೊಸಾವನ ‘ಇಕಿರು’, ೧೯೫೨ರ ಚಿತ್ರ. ಆ ಮಾತಿಗೆ ‘ಬದುಕುವುದು’ ಎಂದರ್ಥ. ನಗರಸಭೆಯ ವಿಭಾಗವೊಂದರ ಮುಖ್ಯಸ್ಥನಾದ ವತನಬೆ ಮೂವತ್ತು ವರ್ಷ ಕಾಗದಗಳಿಗೆ ಮುದ್ರೆಯೊತ್ತುತ್ತ ಕುಳಿತವನು. ತನ್ನ ಹೊಟ್ಟೆಯಲ್ಲಿ ಕ್ಯಾನ್ಸರ್ ಇದೆಯೆಂದು ತಿಳಿದಾಗ ಅವನಿಗೆ ತಾನು ಇದುವರೆಗೆ ಬದುಕಿಯೇ ಇಲ್ಲವೆಂಬುದು ಗೊತ್ತಾಗುತ್ತದೆ. ಕೊಳಚೆ ನೀರು ನಿಂತ ಜಾಗದಲ್ಲಿ ಮಕ್ಕಳಿಗೊಂದು ಆಟದ ತೋಟ ಮಾಡಿಕೊಡಿರೆಂದು ಬಡ ಹೆಂಗಸರು ಸಲ್ಲಿಸಿದ ಅರ್ಜಿ ಮೇಜಿನಿಂದ ಮೇಜಿಗೆ ಅಲೆಯುತ್ತಿರುತ್ತದೆ. ಉಳಿದ ಕೆಲವೇ ತಿಂಗಳುಗಳಲ್ಲಿ ಅವನು ಅದರ ಬೆನ್ನುಹತ್ತಿ, ಅವಮಾನಗಳನ್ನು ನುಂಗಿ, ತೋಟವನ್ನು ಮಾಡಿಸಿ ಸಾಯುತ್ತಾನೆ. ಅವನ ಸಾವಿನ ಮನೆಯಲ್ಲಿ ಸಹೋದ್ಯೋಗಿಗಳು ಕುಡಿದು, ಕಣ್ಣೀರಿಟ್ಟು, ‘ನಾವೂ ಹೀಗೆಯೇ ದುಡಿಯುವೆವು’ ಎಂದು ಪ್ರತಿಜ್ಞೆ ಮಾಡುತ್ತಾರೆ. ಮಾರನೆಯ ದಿನ ಕಚೇರಿ ತೆರೆದಾಗ ಅರ್ಜಿಗಳು ಮತ್ತೆ ಮೇಜಿನಿಂದ ಮೇಜಿಗೆ ನಡೆಯುತ್ತವೆ. ಕಚೇರಿಯ ಬಾಳನ್ನು ಇಷ್ಟು ದಯೆಯಿಂದಲೂ ಇಷ್ಟು ನಿಷ್ಠುರವಾಗಿಯೂ ಕಂಡವರು ವಿರಳ.

ಅರ್ಜಿ ಹಿಡಿದು ಹೊರಗೆ ನಿಂತವರ ಕಥೆಯನ್ನು ಚೀನದ ಜಾಂಗ್ ಯಿಮೋ ೧೯೯೨ರಲ್ಲಿ ‘ದಿ ಸ್ಟೋರಿ ಆಫ್ ಕ್ಯು ಜು’ ಎಂಬ ಚಿತ್ರದಲ್ಲಿ ಹೇಳಿದ್ದಾನೆ. ಹಳ್ಳಿಯ ಮುಖ್ಯಸ್ಥ ತನ್ನ ಗಂಡನನ್ನು ಒದ್ದನೆಂದು, ತುಂಬು ಬಸುರಿಯೊಬ್ಬಳು ನ್ಯಾಯ ಕೇಳಿಕೊಂಡು ಹಳ್ಳಿಯಿಂದ ಪಟ್ಟಣಕ್ಕೆ, ಪಟ್ಟಣದಿಂದ ನಗರಕ್ಕೆ ಅಲೆಯುತ್ತಾಳೆ. ಬಂಡಿಯಲ್ಲಿ ಒಣಮೆಣಸಿನಕಾಯಿ ಹೇರಿಕೊಂಡು ಹೋಗಿ ಮಾರಿದ ಹಣವೇ ಅವಳ ದಾರಿಯ ಖರ್ಚು. ಪರಿಹಾರದ ಹಣ ಅವಳಿಗೆ ಬೇಡ. ‘ತಪ್ಪಾಯಿತು’ ಎಂಬ ಒಂದು ಮಾತು ಬೇಕು. ಬ್ಯಾಡಗಿಯ ಸೀಮೆಯವರಿಗೆ ಆ ಬಂಡಿಯ ಪರಿಚಯ ಹೇಳಬೇಕಾಗಿಲ್ಲ. ಈ ನಿರ್ದೇಶಕನಾದರೋ ಹತ್ತಿ ಗಿರಣಿಯಲ್ಲಿ ವರ್ಷಾನುಗಟ್ಟಲೆ ಕೂಲಿ ಮಾಡಿ, ವಯಸ್ಸು ಮೀರಿದ ಮೇಲೆ ೧೯೭೮ರಲ್ಲಿ ಬೀಜಿಂಗಿನ ಚಲಚ್ಚಿತ್ರ ವಿದ್ಯಾಲಯವನ್ನು ಸೇರಿದವನು. ತೈವಾನಿನ ಆಂಗ್ ಲೀ ಕಾಲೇಜಿನ ಪ್ರವೇಶ ಪರೀಕ್ಷೆಯಲ್ಲಿ ಎರಡು ಸಲ ನಪಾಸಾದವನು. ಅವನ ೧೯೯೪ರ ‘ಈಟ್ ಡ್ರಿಂಕ್ ಮ್ಯಾನ್ ವುಮನ್’ ಚಿತ್ರದ ನಾಯಕ, ನಾಲಗೆಯ ರುಚಿಯನ್ನೇ ಕಳೆದುಕೊಂಡ ಒಬ್ಬ ದೊಡ್ಡ ಬಾಣಸಿಗ. ನಮ್ಮ ಅಡಿಗೆಯ ಭಟ್ಟರು ಆ ಚಿತ್ರದ ಮೊದಲ ಐದು ನಿಮಿಷಗಳನ್ನು ನೋಡಿದರೆ ಸಾಕು, ಕತ್ತಿ ಹಿಡಿದ ಕೈಯ ಚಳಕವನ್ನು ಕಂಡು ತಲೆದೂಗುವರು. ಎಸ್.ಎಸ್.ಎಲ್.ಸಿ.ಗೇ ಓದು ನಿಲ್ಲಿಸಿದವರು ಕಲೆ ತಮ್ಮದಲ್ಲವೆಂದು ತಿಳಿಯುವುದಕ್ಕೆ ಕಾರಣವಿಲ್ಲವೆಂದು ಇವರ ಬಾಳೇ ಸಾರುತ್ತದೆ.

ಪರಭಾಷೆಯ ನಾಡಿನಲ್ಲಿ ನಿಂತವನ ಸಂಕಟವನ್ನು ಹೇಳುವ ಎರಡು ಚಿತ್ರಗಳಿವೆ. ೧೯೯೬ರಲ್ಲಿ ಹಾಂಗ್‌ಕಾಂಗಿನ ಪೀಟರ್ ಚಾನ್ ತೆಗೆದ ‘ಕಾಮ್ರೇಡ್ಸ್, ಆಲ್ಮೋಸ್ಟ್ ಎ ಲವ್ ಸ್ಟೋರಿ’ ಎಂಬುದರಲ್ಲಿ, ಚೀನದ ಒಳನಾಡಿನಿಂದ ದುಡಿಯಲು ಬಂದ ಯುವಕನಿಗೆ ಹಾಂಗ್‌ಕಾಂಗಿನ ಮಾತು ಬಾರದು. ತಿಂಡಿಯಂಗಡಿಯ ಕೌಂಟರಿನಲ್ಲಿ ಕೆಲಸ ಮಾಡುವ ಚುರುಕಾದ ಹುಡುಗಿ ತಾನು ಇಲ್ಲಿಯವಳೇ ಎಂದು ನಟಿಸುತ್ತಾಳೆ. ಅವಳೂ ಹೊರಗಿನಿಂದ ಬಂದವಳೇ. ಹೊಸ ವರ್ಷದ ಸಂತೆಯಲ್ಲಿ ಇಬ್ಬರೂ ತಮ್ಮ ನಾಡಿನವರು ಪ್ರೀತಿಸುವ ಗಾಯಕಿಯ ಕ್ಯಾಸೆಟ್ಟುಗಳನ್ನು ಮಾರಲು ಕೂರುತ್ತಾರೆ. ಯಾರೂ ಕೊಳ್ಳುವುದಿಲ್ಲ, ಕೊಂಡರೆ ತಾವು ಒಳನಾಡಿನವರೆಂಬುದು ಬಯಲಾದೀತೆಂದು ಎಲ್ಲರಿಗೂ ಅಳುಕು. ಬಸ್ಸಿನಲ್ಲಿ ಊರಿನ ಫೋನು ಬಂದಾಗ ಕನ್ನಡದಲ್ಲಿಯೋ ತುಳುವಿನಲ್ಲಿಯೋ ದನಿ ತಗ್ಗಿಸಿ ಮಾತನಾಡಿದವರಿಗೆ ಆ ಅಳುಕು ಹೊಸದಲ್ಲ.

ಇನ್ನೊಂದು, ತೈವಾನಿನ ಹೌ ಶಿಯಾವ್ ಶಿಯೆನ್ ೧೯೮೫ರಲ್ಲಿ ತನ್ನ ಬಾಲ್ಯವನ್ನೇ ಆಧರಿಸಿ ಮಾಡಿದ ಚಿತ್ರ. ಇಂಗ್ಲಿಷಿನಲ್ಲಿ ಅದನ್ನು ‘ದಿ ಟೈಮ್ ಟು ಲಿವ್ ಅಂಡ್ ದಿ ಟೈಮ್ ಟು ಡೈ’ ಎನ್ನುತ್ತಾರೆ. ಕೆಲವೇ ವರ್ಷಗಳಲ್ಲಿ ಊರಿಗೆ ಮರಳುವೆವೆಂದು ನಂಬಿದ ತಂದೆ, ಬಿಟ್ಟು ಹೋದರೂ ನಷ್ಟವಾಗದಂಥ ಅಗ್ಗದ ಬಿದಿರಿನ ಕುರ್ಚಿ-ಮೇಜುಗಳನ್ನು ಕೊಂಡಿರುತ್ತಾನೆ. ಊರಿಗೆ ಮರಳುವುದು ಆಗುವುದೇ ಇಲ್ಲ. ಅರಳುಮರಳಾದ ಅಜ್ಜಿ ಮಾತ್ರ ಗಂಟು ಕಟ್ಟಿಕೊಂಡು ಮತ್ತೆ ಮತ್ತೆ ಊರ ಸೇತುವೆಯನ್ನು ಹುಡುಕಿಕೊಂಡು ಹೊರಡುತ್ತಾಳೆ. ದಾರಿಯ ಅಂಗಡಿಯವಳಿಗೆ ಅವಳ ಭಾಷೆಯೇ ಅರ್ಥವಾಗುವುದಿಲ್ಲ. ‘ಇನ್ನೆರಡು ವರ್ಷ, ಆಮೇಲೆ ಊರಿನಲ್ಲಿಯೇ’ ಎಂದು ಇಪ್ಪತ್ತು ವರ್ಷಗಳಿಂದ ಹೇಳುತ್ತಿರುವ ನಮ್ಮ ಹಿರಿಯರ ಕೋಣೆಗಳಲ್ಲಿ ಆ ಬಿದಿರಿನ ಕುರ್ಚಿಗಳು ಇಲ್ಲವೇನು?

ದುಡಿಯುವವರ ವಿಷಯಕ್ಕೆ ಬಂದರೆ ಚೀನದ ಜಿಯಾ ಜಾಂಗ್‌ಕೆಯ ಹೆಸರನ್ನು ಬಿಡುವಂತಿಲ್ಲ. ೨೦೦೪ರ ಅವನ ‘ದಿ ವರ್ಲ್ಡ್’ ಚಿತ್ರದಲ್ಲಿ, ಹೆಚ್ಚಿನ ಕೂಲಿಯ ಆಸೆಯಿಂದ ರಾತ್ರಿಪಾಳಿ ಮಾಡಿದ ಹಳ್ಳಿಯ ಹುಡುಗನೊಬ್ಬ ಕಟ್ಟಡದ ಕೆಲಸದಲ್ಲಿ ಪೆಟ್ಟು ತಿಂದು ಸಾಯುತ್ತಾನೆ. ಸಾಯುವ ಮುನ್ನ ಚೀಟಿಯೊಂದರ ಮೇಲೆ ಅವನು ಬರೆದುಕೊಡುವುದು ತಾನು ಯಾರು ಯಾರಿಗೆ ಎಷ್ಟೆಷ್ಟು ಕೊಡಬೇಕೆಂಬ ಸಣ್ಣ ಸಣ್ಣ ಸಾಲಗಳ ಪಟ್ಟಿಯನ್ನು. ೨೦೦೬ರಲ್ಲಿ ವೆನಿಸಿನ ಸ್ವರ್ಣಸಿಂಹವನ್ನು ಗೆದ್ದ ಅವನ ‘ಸ್ಟಿಲ್ ಲೈಫ್’ ಯಾಂಗ್‌ತ್ಸೆ ನದಿಯ ಮಹಾ ಅಣೆಕಟ್ಟಿನಿಂದ ಮುಳುಗುತ್ತಿರುವ ಪಟ್ಟಣದ ಕಥೆ; ಹದಿನಾರು ವರ್ಷಗಳ ಹಿಂದೆ ಬಿಟ್ಟುಹೋದ ಹೆಂಡತಿಯನ್ನು ಹುಡುಕಿಕೊಂಡು ಬಂದ ಗಣಿಯ ಕೂಲಿಕಾರನೊಬ್ಬ, ಮುಳುಗಲಿರುವ ಮನೆಗಳನ್ನು ಕೆಡಹುವ ಕೆಲಸಕ್ಕೆ ಸೇರುತ್ತಾನೆ. ಇದಕ್ಕೆ ನಾಲ್ಕು ವರ್ಷ ಮೊದಲೇ, ೨೦೦೨ರಲ್ಲಿ, ಕಾಸರವಳ್ಳಿಯವರು ನಾ. ಡಿಸೋಜರ ಕಾದಂಬರಿಯಿಂದ ‘ದ್ವೀಪ’ವನ್ನು ತೆಗೆದಿದ್ದರು, ಅದೂ ಅಣೆಕಟ್ಟಿನ ನೀರಿಗೆ ಸಿಕ್ಕಿದ ಮನೆಯ ಕಥೆಯೇ. ಶರಾವತಿಯ ಹಿನ್ನೀರಿನಲ್ಲಿ ಮನೆ ಕಳೆದುಕೊಂಡವರಿಗೂ ಯಾಂಗ್‌ತ್ಸೆಯ ದಡದವರಿಗೂ ಭಾಷೆ ಬೇರೆ, ನೀರು ಒಂದೇ.

ಒದೆತದ ಚಿತ್ರಗಳನ್ನು ನಾವು ಹೀಗಳೆಯುತ್ತಿಲ್ಲ. ಬ್ರೂಸ್ ಲೀಯ ೧೯೭೧ರ ‘ದಿ ಬಿಗ್ ಬಾಸ್’ ಚಿತ್ರದ ನಾಯಕ, ಚೀನದಿಂದ ಥಾಯ್‌ಲೆಂಡಿಗೆ ಹೋಗಿ ಬಂಧುಗಳೊಡನೆ ಮಂಜುಗಡ್ಡೆ ಕಾರ್ಖಾನೆಯಲ್ಲಿ ದುಡಿಯುವ ಆಳು. ಕಳ್ಳವ್ಯಾಪಾರದ ಧಣಿಯ ಗುಟ್ಟು ಕಂಡ ಕೆಲಸಗಾರರು ಒಬ್ಬೊಬ್ಬರಾಗಿ ಕಾಣೆಯಾದ ಮೇಲೆಯೇ ಅವನು ಕಾಲೆತ್ತುವುದು. ನಾವು ಒದೆತವನ್ನು ನೋಡಿದೆವು, ಒದ್ದವನು ಯಾರೆಂದು ನೋಡಲಿಲ್ಲ. ೨೦೨೦ರಲ್ಲಿ ಆಸ್ಕರಿನ ಅತ್ಯುನ್ನತ ಪ್ರಶಸ್ತಿ ಪಡೆದ ಕೊರಿಯದ ಬಾಂಗ್ ಜೂನ್ ಹೋನ ‘ಪ್ಯಾರಸೈಟ್’ ಚಿತ್ರದಲ್ಲಿ ಧಣಿಯು ಡ್ರೈವರನ ಮೈಯ ವಾಸನೆಯನ್ನು ಹೀಗಳೆದು ಮಾತನಾಡುವ ಗಳಿಗೆಯೊಂದುಂಟು. ಎಷ್ಟು ಸಾಬೂನು ಹಚ್ಚಿದರೂ ಹೋಗದ ಕರಿದೆಣ್ಣೆಯ ವಾಸನೆಯನ್ನು ಹೊತ್ತು ಬಸ್ಸು ಹತ್ತುವ ನಮ್ಮ ಹುಡುಗರಿಗೆ ಆ ಗಳಿಗೆಯ ಭಾರ ತಿಳಿದಿದೆ.

ಇಷ್ಟೇ ಆಗಿದ್ದರೆ ಇದನ್ನು ಒಳ್ಳೆಯ ಮನರಂಜನೆಯೆಂದು ಶಿಫಾರಸು ಮಾಡಿ ಲೇಖನವನ್ನು ಮುಗಿಸಬಹುದಾಗಿತ್ತು. ಆದರೆ ಇದಕ್ಕಿಂತ ಗುರುತರವಾದ ಕಾರಣವೊಂದಿದೆ. ಇಂದು ನಮ್ಮ ಹೋಟೆಲುಗಳ ಅಡಿಗೆಮನೆಗಳಲ್ಲಿ ಕುಂದಾಪುರದ, ಕಾರ್ಕಳದ ಹುಡುಗರ ಜೊತೆಗೆ ನೇಪಾಳದ, ಅಸ್ಸಾಮಿನ, ಮಣಿಪುರದ ಹುಡುಗರೂ ದುಡಿಯುತ್ತಿದ್ದಾರೆ. ಅವರನ್ನು ನಮ್ಮವರು ಏನೆಂದು ಕರೆಯುತ್ತಾರೆ? ಹೆಸರು ಹಿಡಿದು ಕರೆಯುವವರು ಕಡಿಮೆ. ‘ಏ ಚೀನೀ’ ಎಂಬ ಕೂಗು ಅಡಿಗೆಮನೆಯಿಂದ ಹೊರಗೆ ಬಂದು ಗಿರಾಕಿಯ ಕಿವಿಗೂ ಬೀಳುತ್ತದೆ. ಇದನ್ನು ತಮಾಷೆಯೆಂದು ತಿಳಿದವರು ಎರಡು ಸಂಗತಿಗಳನ್ನು ನೆನೆಯಬೇಕು. ಶಿವಸೇನೆ ೧೯೬೬ರಲ್ಲಿ ಹುಟ್ಟಿದ ಬಳಿಕದ ವರ್ಷಗಳಲ್ಲಿ ಮುಂಬಯಿಯಲ್ಲಿ ದಕ್ಷಿಣದವರ ವಿರುದ್ಧ ಚಳವಳಿ ಎದ್ದಾಗ ನಮ್ಮನ್ನೆಲ್ಲ ‘ಮದ್ರಾಸಿ’ ಎಂಬ ಒಂದೇ ಹೆಸರಿನಲ್ಲಿ ಕಟ್ಟಿದರು, ನಮ್ಮ ಲುಂಗಿಯನ್ನು ಹೀಯಾಳಿಸಿದರು, ಉಡುಪಿ ಹೋಟೆಲುಗಳಿಗೂ ಏಟು ಬಿತ್ತು. ಮದ್ರಾಸನ್ನು ಕಣ್ಣಿನಿಂದಲೂ ಕಾಣದವರು ಮದ್ರಾಸಿಗಳಾದರು. ೨೦೧೨ರ ಆಗಸ್ಟಿನಲ್ಲಿ ವದಂತಿಗಳಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನಿಂದಲೂ ಈ ಪುಣೆಯಿಂದಲೂ ರೈಲು ಹತ್ತಿ ಓಡಿದರು. ಹೆಸರಿಲ್ಲದೆ ಒಂದು ಮುಖಚರ್ಯೆಯಾಗಿ ಮಾತ್ರ ಉಳಿದವನನ್ನು ಹೆದರಿಸುವುದು ಸುಲಭವೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಈ ಹುಡುಗರು ಚೀನೀಯರಲ್ಲ, ಜಪಾನೀಯರೂ ಅಲ್ಲ. ಅಲ್ಲಿಯ ಚಿತ್ರ ನೋಡಿದರೆ ಮಣಿಪುರದ ವಿಷಯ ತಿಳಿಯುವುದೂ ಇಲ್ಲ. ಆದರೆ ‘ಇವರೆಲ್ಲರ ಮುಖವೂ ಒಂದೇ’ ಎಂದು ಹೇಳುವ ಕಣ್ಣಿನ ಸೋಮಾರಿತನ ಒಂದುಂಟಲ್ಲ, ಅದಕ್ಕೆ ಚಲಚ್ಚಿತ್ರದಷ್ಟು ಒಳ್ಳೆಯ ಮದ್ದಿಲ್ಲ. ‘ಟೋಕಿಯೋ ಸ್ಟೋರಿ’ಯ ಸೊಸೆಯ ಮುಖವನ್ನು ಎರಡು ಗಂಟೆ ನೋಡಿದವನು, ಆ ನಗೆಯ ಹಿಂದಿನ ದುಃಖವನ್ನು ಕಂಡವನು, ಇನ್ನು ಮುಂದೆ ಅಂಥ ಮುಖಗಳೆಲ್ಲ ಒಂದೇ ಎಂದು ಹೇಳಲಾರ. ಮಾರನೆಯ ಬೆಳಿಗ್ಗೆ ದೋಸೆಕಲ್ಲಿನ ಬಳಿ ನಿಂತ ಹುಡುಗನ ಹೆಸರನ್ನು ಕೇಳಬೇಕೆಂದು ಅವನಿಗೆ ತೋರಿದರೆ ಆ ಚಿತ್ರ ತನ್ನ ಕೆಲಸವನ್ನು ಮಾಡಿದಂತೆ.

ಕೆಲವರು ಬೇರೊಂದು ಆಕ್ಷೇಪವನ್ನೆತ್ತುವರು: ೧೯೬೨ರಲ್ಲಿ ನಮ್ಮ ಮೇಲೆ ಬಿದ್ದ, ೨೦೨೦ರಲ್ಲಿ ಗಲ್ವಾನಿನಲ್ಲಿ ನಮ್ಮ ೨೦ ಯೋಧರ ಪ್ರಾಣ ತೆಗೆದ ಚೀನದ ಚಿತ್ರ ನಮಗೇಕೆ? ಈ ನೋವು ಸಕಾರಣವಾದುದು. ಅದನ್ನು ಹಗುರವಾಗಿ ಕಾಣತಕ್ಕುದಲ್ಲ. ಆದರೆ ಮೇಲೆ ಹೆಸರಿಸಿದ ಚಿತ್ರಗಳಲ್ಲಿ ಹೆಚ್ಚಿನವು ಜಪಾನು, ತೈವಾನು, ಹಾಂಗ್‌ಕಾಂಗ್, ಕೊರಿಯಗಳವು. ಚೀನದೊಳಗೆ ಆದವು ಕೂಡ ಸರಕಾರದ ತುತ್ತೂರಿಗಳಲ್ಲ. ಜಾಂಗ್ ಯಿಮೋನ ‘ಟು ಲಿವ್’ ಎಂಬ ೧೯೯೪ರ ಚಿತ್ರವನ್ನು ಅಲ್ಲಿಯ ಸರಕಾರವೇ ನಿಷೇಧಿಸಿತು. ಗಡಿಯಲ್ಲಿ ಸೈನ್ಯ ನಿಲ್ಲಿಸುವುದು ಸರಕಾರ. ಬಸುರಿಯ ಅರ್ಜಿಯನ್ನು ಚಿತ್ರಿಸುವುದು ಕಲಾವಿದ. ಸೊಲ್ಲಾಪುರದಲ್ಲಿ ಹುಟ್ಟಿದ ಡಾಕ್ಟರ್ ದ್ವಾರಕಾನಾಥ ಕೋಟ್ನೀಸರು ಚೀನದ ಗಾಯಾಳುಗಳ ಸೇವೆಯಲ್ಲಿ ೧೯೪೨ರಲ್ಲಿ ಅಲ್ಲಿಯೇ ದೇಹವಿಟ್ಟರು. ಪುಣೆಯ ಪ್ರಭಾತದ ಸ್ಥಾಪಕರಲ್ಲೊಬ್ಬರಾಗಿದ್ದ ಶಾಂತಾರಾಮರು ೧೯೪೬ರಲ್ಲಿ ಅವರ ಕಥೆಯನ್ನು ಚಿತ್ರವಾಗಿಸಿದರು. ೧೯೬೨ರ ಯುದ್ಧ ಆ ಸೇವೆಯನ್ನು ಸುಳ್ಳಾಗಿಸಲಿಲ್ಲ.

ಭಾಷೆ ತಿಳಿಯದು, ಚಿತ್ರ ನಿಧಾನ ಎಂಬ ಎರಡು ದೂರುಗಳು ಉಳಿದವು. ರಾತ್ರಿಯಿಡೀ ಯಕ್ಷಗಾನ ನೋಡಿ ಬೆಳಗಾಗುವಾಗ ಮನೆಗೆ ಬರುತ್ತಿದ್ದ ವಂಶದವರು ನಿಧಾನದ ಮಾತನ್ನು ಎತ್ತಬಾರದು. ಓಜು ತನ್ನ ಕ್ಯಾಮರವನ್ನು ನೆಲದ ಸಮೀಪಕ್ಕೆ, ಚಾಪೆಯ ಮೇಲೆ ಕುಳಿತವನ ಕಣ್ಣಿನ ಎತ್ತರಕ್ಕೆ ಇಡುತ್ತಿದ್ದನು. ಆ ಎತ್ತರದಿಂದ ಜಗತ್ತನ್ನು ನೋಡಿ ನಮಗೆ ಅಭ್ಯಾಸವಿದೆ. ಭಾಷೆಗಾದರೋ ಜಪಾನೀಯರೇ ಉಪಾಯ ತೋರಿಸಿದ್ದಾರೆ. ಮೂಕಚಿತ್ರಗಳ ಕಾಲದಲ್ಲಿ ಅಲ್ಲಿ ‘ಬೆನ್‌ಶಿ’ ಎಂಬ ಮಾತುಗಾರನು ಪರದೆಯ ಪಕ್ಕದಲ್ಲಿ ನಿಂತು ಪಾತ್ರಗಳ ಮಾತನ್ನೂ ಕಥೆಯ ಅರ್ಥವನ್ನೂ ಹೇಳುತ್ತಿದ್ದನು. ಕುರೊಸಾವನ ಅಣ್ಣನೇ ಅಂಥ ಒಬ್ಬ ಬೆನ್‌ಶಿ. ಜನ ಚಿತ್ರಕ್ಕಿಂತ ಹೆಚ್ಚಾಗಿ ಅವರ ಹೆಸರು ಕೇಳಿ ಬರುವುದೂ ಇತ್ತು. ನಮ್ಮ ತಾಳಮದ್ದಲೆಯ ಅರ್ಥಧಾರಿಗಿಂತ ಇವನು ಬೇರೆಯೆ? ಭಾಗವತರ ಪದ್ಯವನ್ನು ಗಂಟೆಗಟ್ಟಲೆ ವಿಸ್ತರಿಸಬಲ್ಲ ನಾಲಗೆಗಳು ನಮ್ಮಲ್ಲಿ ಇನ್ನೂ ಇವೆ. ಅವರಲ್ಲೊಬ್ಬರು ಚಿತ್ರವನ್ನು ಮೊದಲೇ ನೋಡಿಟ್ಟುಕೊಂಡು, ಆರಂಭಕ್ಕೆ ಹತ್ತು ನಿಮಿಷ ಕಥೆಯ ಹಿನ್ನೆಲೆಯನ್ನು ಹೇಳಿ, ಅಗತ್ಯವಿದ್ದಲ್ಲಿ ಕನ್ನಡದಲ್ಲಿ ಒಂದೆರಡು ಮಾತು ಸೇರಿಸಿದರೆ ಇಂಗ್ಲಿಷಿನ ಅಡಿಬರಹವನ್ನು ಓದಲಾರದವನಿಗೂ ಚಿತ್ರ ದಕ್ಕುತ್ತದೆ.

ಆದುದರಿಂದ ನಮ್ಮ ಸೂಚನೆ ಇಷ್ಟು. ಪುಣೆಯ ಕನ್ನಡಿಗರ ಸಂಘಗಳು ವರ್ಷಕ್ಕೊಮ್ಮೆ ರಾಜ್ಯೋತ್ಸವದಲ್ಲಿ ಹಾರ-ತುರಾಯಿಗಳಿಗೆ ವೆಚ್ಚ ಮಾಡುವುದರಲ್ಲಿ ಒಂದಂಶವನ್ನು ಉಳಿಸಿ, ತಿಂಗಳಿಗೊಂದು ಚಿತ್ರವನ್ನು, ಹಕ್ಕುಳ್ಳವರ ಅನುಮತಿ ಪಡೆದು, ಕನ್ನಡದ ಅರ್ಥ ಸಹಿತ ತೋರಿಸಲಿ. ಭಂಡಾರದ, ಫಿಲ್ಮ್ ಇನ್‌ಸ್ಟಿಟ್ಯೂಟಿನ ಅಧಿಕಾರಿಗಳನ್ನು ಕಂಡು ಸಹಾಯ ಕೇಳಲಿ. ಹೆಗ್ಗೋಡಿಗೆ ಸಂದ ಸಹಾಯವನ್ನು ಕೊಂಢವಾ ಕೇಳಿದರೆ ತಪ್ಪಿಲ್ಲ. ೨೦೦೨ರಿಂದ ನಡೆದುಬಂದಿರುವ ಪುಣೆ ಅಂತರರಾಷ್ಟ್ರೀಯ ಚಲಚ್ಚಿತ್ರೋತ್ಸವಕ್ಕೆ ನಮ್ಮ ತರುಣರು ನಾಲ್ಕು ಜನರಾದರೂ ಹೋಗಿಬರಲಿ. ಮೊದಲ ಚಿತ್ರ ‘ಒಬ್ಬನೇ ಮಗ’ ಆಗಲಿ. ಅದು ಒಂದೂವರೆ ಗಂಟೆಗೆ ಮುಗಿಯುತ್ತದೆ, ರಾತ್ರಿಯ ಕೊನೆಯ ಬಸ್ಸು ತಪ್ಪುವುದಿಲ್ಲ.

ಮಾಲಕ ಬಂಧುಗಳಿಗೆ ಒಂದು ಮಾತು. ಗಲ್ಲೆಯ ಮೇಲೆ ಕುಳಿತು ಬಲ್ಲವನಾದುದರಿಂದಲೇ ಹೇಳುತ್ತಿದ್ದೇನೆ: ಸಂಜೆಯ ವ್ಯಾಪಾರದ ಹೊತ್ತಿನಲ್ಲಿ ಇಬ್ಬರು ಹುಡುಗರನ್ನು ಬಿಟ್ಟುಕೊಡುವುದು ಎಷ್ಟು ಕಷ್ಟವೆಂಬುದು ನನಗೆ ಗೊತ್ತು. ಆದರೂ ತಿಂಗಳಿಗೊಂದು ಸಂಜೆ, ಸರದಿಯ ಮೇಲೆ, ಸಂಬಳ ಹಿಡಿಯದೆ ಬಿಡಿರಿ. ಬಿಡುವಾಗ ನಮ್ಮೂರಿನ ಮಾಣಿಯ ಜೊತೆಗೆ ನೇಪಾಳದ ಹುಡುಗನನ್ನೂ ಕಳುಹಿಸಿರಿ. ವಾರದ ರಜೆಯನ್ನು ಕೊಡದೆ ಸಂಸ್ಕೃತಿಯ ಮಾತನಾಡುವುದು ಊಟಕ್ಕೆ ಕರೆದು ಎಲೆ ಹಾಕದಂತೆ.

ದುಡಿದು ದಣಿದವನಿಗೆ ಹಗುರವಾದುದೇ ಬೇಕೆಂದು ಅವನ ಪರವಾಗಿ ನಿರ್ಧರಿಸುವವರು ಬಹಳ ಮಂದಿ. ಅವನನ್ನು ಕೇಳಿದವರು ಕಡಿಮೆ. ಇಡೀ ದಿನ ಇನ್ನೊಬ್ಬರಿಗೆ ಬೇಕಾದುದನ್ನು ಬಡಿಸಿದವನಿಗೆ, ತನ್ನ ಬಾಳನ್ನು ಗೌರವದಿಂದ ಕಂಡ ಚಿತ್ರವೊಂದನ್ನು ತಿಂಗಳಿಗೊಮ್ಮೆಯಾದರೂ ನೋಡುವ ಹಕ್ಕುಂಟು. ಆ ಹಕ್ಕನ್ನು ದಯೆಯೆಂದು ತಿಳಿಯದೆ ಸಲ್ಲಿಸುವುದು ನಮ್ಮ ಸಮಾಜಕ್ಕೆ ಶೋಭೆ.